ಒಂದು ಸಲಕ್ಕೆ ಒಂದೇ ಕಷ್ಟ: ಹದಿಹರೆಯದ ಕಾದಂಬರಿ ಮುಗಿದ ಮೇಲೆ ಏನು ಓದುವುದು, ಹೇಗೆ ಓದುವುದು

‘ಮಲೆಗಳಲ್ಲಿ ಮದುಮಗಳು’ ಪುಸ್ತಕವನ್ನು ನಾನು ಮೂರು ಸಲ ಅರ್ಧಕ್ಕೆ ಬಿಟ್ಟಿದ್ದೇನೆ. ಮೊದಲ ಸಲ ಪಿಯುಸಿ ರಜೆಯಲ್ಲಿ, ನಲವತ್ತನೇ ಪುಟದ ಹತ್ತಿರ. ಎರಡನೇ ಸಲ ಹಾಸ್ಟೆಲಿನಲ್ಲಿ, ಅದಕ್ಕಿಂತ ಮುಂಚೆಯೇ. ಮೂರನೇ ಸಲ ಹಟ ಹಿಡಿದು ನೂರು ಪುಟ ದಾಟಿಸಿದೆ. ಅಷ್ಟರಲ್ಲಿ ಯಾರು ಯಾವ ಮನೆಯವರು ಎಂಬುದೇ ಕಲಸಿಹೋಯಿತು. ಮಳೆಗಾಲ ಪೂರ್ತಿ ಪುಸ್ತಕ ಕಿಟಕಿ ಕಟ್ಟೆಯ ಮೇಲೆ ಮಲಗಿತ್ತು.

ಇದೇ ನಾನು ಹ್ಯಾರಿ ಪಾಟರ್ ಸರಣಿಯ ಐದನೇ ಪುಸ್ತಕವನ್ನು ನಾಲ್ಕೇ ದಿನದಲ್ಲಿ ಮುಗಿಸಿದ್ದೆ. ಏಳುನೂರು ಪುಟ ದಾಟುವ ಇಟ್ಟಿಗೆ ಅದು. ಊಟಕ್ಕೆ ಕರೆದರೂ ಎದ್ದಿರಲಿಲ್ಲ. ಹಾಗಾದರೆ ತೊಂದರೆ ಪುಸ್ತಕದ ದಪ್ಪದ್ದಲ್ಲ, ಅಲ್ವಾ? ಗೊತ್ತಿಲ್ಲದ ಪದಗಳದ್ದು ಎನ್ನೋಣವೆಂದರೆ ಅದೂ ಅಲ್ಲ. ಮಗಲ್, ಕ್ವಿಡಿಚ್, ಹಾರ್‌ಕ್ರಕ್ಸ್ ಎಂಬ ಪದಗಳನ್ನು ನಾವ್ಯಾರೂ ನಿಘಂಟು ನೋಡಿ ಕಲಿಯಲಿಲ್ಲ. ಕತೆಯ ಜೊತೆ ಹೋದೆವು, ಅವೂ ಬಂದವು. ಅಷ್ಟು ಕಲಿತ ತಲೆಗೆ ಕಂಬಳಿಕೊಪ್ಪೆ, ಬಗನಿ, ಗೊರಬು ಯಾಕೆ ಬರಬಾರದು?

ಕಳೆದ ಬೇಸಿಗೆಯಲ್ಲಿ ಚಿಕ್ಕಪ್ಪನ ಮಗಳು ಫೋನ್ ಮಾಡಿದಳು. “ಅಕ್ಕಾ, ಓದೋ ಪುಸ್ತಕ ಎಲ್ಲ ಒಂದೇ ಥರ ಅನ್ನಿಸ್ತಿದೆ. ಅದೇ ಹುಡುಗಿ, ಅದೇ ಕೆಟ್ಟ ಸರ್ಕಾರ, ಅದೇ ಇಬ್ಬರು ಹುಡುಗರು. ಬೇರೆ ಏನಾದ್ರೂ ಹೇಳು.” ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಸಾಹಿತ್ಯದ ಮೇಷ್ಟ್ರಲ್ಲ. ಎಲ್ಲೆಲ್ಲಿ ಎಡವಿದೆ ಎಂದು ನೆನಪಿದೆ, ಅಷ್ಟೇ.

ಮೊದಲು: ಎಲ್ಲಿ ಸಿಕ್ಕಿಬಿದ್ದಿರಿ ಎಂದು ನೋಡಿಕೊಳ್ಳಿ

ನಿಮ್ಮ ಮನೆಯಲ್ಲೂ ಅರ್ಧಕ್ಕೆ ಬಿಟ್ಟ ‘ದೊಡ್ಡ’ ಪುಸ್ತಕ ಒಂದಾದರೂ ಇರುತ್ತದೆ. ಅದನ್ನು ತೆಗೆಯಿರಿ. ಬಿಟ್ಟ ಜಾಗದ ಹಿಂದಿನ ಐದು ಪುಟ ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಿರಿ: ನನಗೆ ಇಲ್ಲಿ ಏನು ಗೊತ್ತಾಗುತ್ತಿಲ್ಲ? ‘ಬೋರು’ ಎಂದು ಬರೆಯಬೇಡಿ. ಬೋರು ಎನ್ನುವುದು ಜ್ವರ ಇದ್ದ ಹಾಗೆ, ಕಾಯಿಲೆ ಬೇರೆ ಏನೋ ಇರುತ್ತದೆ.

ಆ ಕಾಯಿಲೆ ಸಾಮಾನ್ಯವಾಗಿ ಐದರಲ್ಲಿ ಒಂದು. ಮಾತು ಗೊತ್ತಾಗುತ್ತಿಲ್ಲ. ಜನ ಜಾಸ್ತಿ. ಕತೆ ನಿಧಾನ. ಕಾಲ ಹಿಂದೆ ಮುಂದೆ ಓಡಾಡುತ್ತಿದೆ. ಇಲ್ಲವೇ ಎಲ್ಲ ಅರ್ಥವಾಗುತ್ತಿದೆ, ಆದರೆ ಬರೆದವರು ಯಾರ ಕಡೆ ಎಂಬುದು ಮಾತ್ರ ತಿಳಿಯುತ್ತಿಲ್ಲ.

ಹದಿಹರೆಯದವರ ಕಾದಂಬರಿ ಈ ಐದನ್ನೂ ನಮಗಾಗಿ ಹಗುರ ಮಾಡಿಕೊಟ್ಟಿರುತ್ತದೆ. 2008ರಲ್ಲಿ ಬಂದ ‘ಹಂಗರ್ ಗೇಮ್ಸ್’ ನೋಡಿ. ಕ್ಯಾಟ್ನಿಸ್ ‘ನಾನು’ ಎಂದು ತಾನೇ ಹೇಳುತ್ತಾಳೆ, ಅದೂ ಈಗಷ್ಟೇ ನಡೆಯುತ್ತಿರುವ ಹಾಗೆ. ಹಿಡಿದುಕೊಳ್ಳಲು ಒಂದೇ ಕೈ, ಇರುವುದು ಒಂದೇ ಕಾಲ. ಅಧ್ಯಾಯ ಮುಗಿಯುವಾಗ ಎದೆ ಢವಢವ ಎನ್ನುತ್ತಿರುತ್ತದೆ. ಇದು ಸಣ್ಣ ಕಸುಬಲ್ಲ. ‘ಅವೆಲ್ಲ ಮಕ್ಕಳ ಪುಸ್ತಕ’ ಎಂದು ಮೂಗು ಮುರಿಯುವ ದೊಡ್ಡವರಿಗೆ ಹತ್ತು ಪುಟ ಹಾಗೆ ಬರೆಯಲು ಹೇಳಿ ನೋಡಬೇಕು.

‘ಮಲೆಗಳಲ್ಲಿ ಮದುಮಗಳು’ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಒಬ್ಬ ನಾಯಕ, ಒಬ್ಬಳು ನಾಯಕಿ ಎಂದಿಲ್ಲ. ಯಾರನ್ನೂ ಮುಖ್ಯ ಮಾಡುವುದಿಲ್ಲ ಎಂದು ಕುವೆಂಪು ಮೊದಲೇ ತೀರ್ಮಾನಿಸಿಬಿಟ್ಟಿದ್ದಾರೆ. ಮಾತು ಮಲೆನಾಡಿನದು, ಅದೂ ನೂರು ವರ್ಷದಾಚೆಯದು. ಜನರಂತೂ ಲೆಕ್ಕಕ್ಕೇ ಸಿಗುವುದಿಲ್ಲ. ನಡಿಗೆ ಕಾಡುದಾರಿಯದು. ನಾನು ನಾಲ್ಕು ಕಷ್ಟವನ್ನು ಒಟ್ಟಿಗೆ ತಲೆ ಮೇಲೆ ಹೊತ್ತಿದ್ದೆ, ಬೀಳದೆ ಇನ್ನೇನು? ಸೈಕಲ್ ಕಲಿಯುವವರು ಅದೇ ದಿನ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಳ್ಳುವುದಿಲ್ಲ.

(ಒಂದು ತಮಾಷೆ. ಹದಿಹರೆಯದವರಿಗೆಂದೇ ಬರೆಯುವ ಕಾದಂಬರಿಗಳ ಕಾಲ ಅಮೆರಿಕದ ‘ದಿ ಔಟ್‌ಸೈಡರ್ಸ್’ ಪುಸ್ತಕದಿಂದ ಶುರುವಾಯಿತು ಎಂದು ಹೇಳುವವರಿದ್ದಾರೆ. ಅದು ಬಂದದ್ದು 1967ರಲ್ಲಿ. ‘ಮಲೆಗಳಲ್ಲಿ ಮದುಮಗಳು’ ಬಂದದ್ದೂ ಅದೇ ವರ್ಷ.)

ಹಾಗಾಗಿ ನಾನು ಇಟ್ಟುಕೊಂಡ ನಿಯಮ ಒಂದೇ. ಮುಂದಿನ ಪುಸ್ತಕದಲ್ಲಿ ಹೊಸ ಕಷ್ಟ ಒಂದೇ ಇರಬೇಕು. ಮಿಕ್ಕಿದ್ದೆಲ್ಲ ನನಗೆ ಅಭ್ಯಾಸವಾಗಿರುವುದೇ ಆಗಿರಬೇಕು. ಇನ್ನು ಮುಂದಿನ ಹೆಜ್ಜೆಗಳೆಲ್ಲ ಇದೇ ಲೆಕ್ಕದ ಮೇಲೆ.

ತೇಜಸ್ವಿಯಿಂದ ಹೊರಡಿ, ಆದರೆ ‘ಕರ್ವಾಲೊ’ದಲ್ಲೇ ನಿಲ್ಲಬೇಡಿ

ಕನ್ನಡದ ಪುಸ್ತಕದ ಅಂಗಡಿಯಲ್ಲಿ ‘ಯಂಗ್ ಅಡಲ್ಟ್’ ಎಂಬ ಬೇರೆ ಕಪಾಟು ಸಿಗುವುದು ಕಷ್ಟ. ಆದರೆ ಆ ಜಾಗವನ್ನು ಪೂರ್ಣಚಂದ್ರ ತೇಜಸ್ವಿ ಯಾರಿಗೂ ಹೇಳದೆ ತುಂಬಿಬಿಟ್ಟಿದ್ದಾರೆ. ‘ಕರ್ವಾಲೊ’ (1980) ಓದದಿದ್ದರೆ ಇವತ್ತೇ ಶುರು ಮಾಡಿ. ಮೂಡಿಗೆರೆಯ ಕಡೆಯ ಕಾಡು, ಜೇನಿನ ಮಂದಣ್ಣ, ಒಬ್ಬ ವಿಜ್ಞಾನಿ, ಒಂದು ನಾಯಿ, ಹಾರುವ ಓತಿಯ ಬೆನ್ನು ಹತ್ತಿದ ಸವಾರಿ. ಸಾಹಸ ಕತೆಯ ರುಚಿ ಪೂರ್ತಿ ಇದೆ. ಕನ್ನಡ ಓದುವ ವೇಗ ಕಡಿಮೆ ಇದ್ದವರಿಗೂ ಇದು ಓಡುತ್ತದೆ.

ತುಂಬಾ ಜನ ಇಲ್ಲಿಂದ ತೇಜಸ್ವಿಯವರ ಮಿಕ್ಕ ಕಾಡಿನ ಪುಸ್ತಕಗಳಿಗೆ ಹೋಗಿ, ಅಲ್ಲೇ ಸುತ್ತುತ್ತಾ ಇದ್ದುಬಿಡುತ್ತಾರೆ. ನಾನೂ ಎರಡು ವರ್ಷ ಸುತ್ತಿದ್ದೆ. ಖುಷಿಯಾಗಿಯೇ ಇದ್ದೆ, ಆದರೆ ಎಲ್ಲೂ ಹೋಗಲಿಲ್ಲ. ಅದರ ಬದಲು ‘ಅಬಚೂರಿನ ಪೋಸ್ಟಾಫೀಸು’ ಕಥಾಸಂಕಲನ ಹಿಡಿಯಿರಿ. ಅದರಲ್ಲಿ ‘ಡೇರ್ ಡೆವಿಲ್ ಮುಸ್ತಫಾ’ ಇದೆ. 2023ರಲ್ಲಿ ಸಿನಿಮಾ ಆಯಿತಲ್ಲ, ಅದೇ. ಕಾಲೇಜು, ತರಲೆ, ಕ್ರಿಕೆಟ್, ಹಿಂದೂ ಮುಸ್ಲಿಂ ಜಿದ್ದಾಜಿದ್ದಿ. ನಿಮಗೆ ಗೊತ್ತಿರುವ ಅಂಗಳ. ನಗುತ್ತಾ ಮುಗಿಸಿ.

ಆಮೇಲೆ ಅದೇ ಪುಸ್ತಕದಲ್ಲಿ ‘ತಬರನ ಕತೆ’ ತೆಗೆಯಿರಿ. ಅದೇ ಲೇಖಕ, ಅದೇ ಸರಳ ಕನ್ನಡ. ಕೆಲಸದಿಂದ ನಿವೃತ್ತನಾದ ಮುದುಕ ತನ್ನ ಪಿಂಚಣಿಗಾಗಿ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿದೆ. ಓದುತ್ತಾ ಓದುತ್ತಾ ನೀವು ಒಬ್ಬ ಖಳನನ್ನು ಹುಡುಕುತ್ತೀರಿ. ಹುಡುಕಿಯೇ ಹುಡುಕುತ್ತೀರಿ, ಹತ್ತಾರು ಪುಸ್ತಕದ ಅಭ್ಯಾಸ ಅದು. ಎಲ್ಲೋ ಒಬ್ಬ ವೋಲ್ಡ್‌ಮಾರ್ಟ್ ಇರಲೇಬೇಕು, ಅವನನ್ನು ಸೋಲಿಸಿದರೆ ಮುಗಿಯಿತು. ಇಲ್ಲಿ ಅಂಥವನು ಸಿಗುವುದಿಲ್ಲ. ಇರುವುದು ಕಡತ, ಮೇಜು, ಸಹಿ, ನಾಳೆ ಬಾ ಎನ್ನುವ ಮಾತು. ಎಲ್ಲರೂ ಅವರವರ ಕೆಲಸ ಮಾಡುತ್ತಲೇ ಇದ್ದಾರೆ, ಒಬ್ಬ ಮನುಷ್ಯ ಅದರಲ್ಲೇ ಅರೆದುಹೋಗುತ್ತಾನೆ.

ಈ ಎರಡು ಕತೆಯ ಮಧ್ಯೆ ಪುಟಗಳು ಕೆಲವೇ. ಆದರೆ ನಾನು ಹೇಳುತ್ತಿರುವ ದಾಟುವಿಕೆ ಅಲ್ಲೇ ಒಂದು ಸಲ ಆಗಿಬಿಡುತ್ತದೆ. ಇಲ್ಲಿ ಹೊಸ ಕಷ್ಟ ಒಂದೇ: ಸಿಟ್ಟು ಬರುತ್ತದೆ, ಯಾರ ಮೇಲೆ ಮಾಡಿಕೊಳ್ಳುವುದು ಎಂದು ಬರೆದವರು ಹೇಳುವುದಿಲ್ಲ. ಗಿರೀಶ್ ಕಾಸರವಳ್ಳಿ ಇದನ್ನು ಸಿನಿಮಾ ಮಾಡಿದ್ದಾರೆ, ಚಾರುಹಾಸನ್ ತಬರ. ಕತೆ ಓದಿದ ಮೇಲೆ ನೋಡಿ, ಮೊದಲು ಬೇಡ.

ಸಣ್ಣ ಕತೆಗಳನ್ನು ಹೀಗೆ ಎರಡೆರಡಾಗಿ ಓದುವುದು ಒಳ್ಳೆಯ ಅಭ್ಯಾಸ. ಸೋತರೂ ಹೋಗುವುದು ಒಂದು ಸಂಜೆ ಮಾತ್ರ. ವೈದೇಹಿಯವರ ‘ಅಕ್ಕು’ ಓದಿ. ಬಾನು ಮುಷ್ತಾಕ್ ಅವರ ಕತೆಗಳನ್ನು ಓದಿ. ದೀಪಾ ಭಾಸ್ತಿ ಅನುವಾದಿಸಿದ ಅವರ ಕತೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಹೆಮ್ಮೆಪಟ್ಟರು. ಕನ್ನಡದಲ್ಲಿ ಒಂದಾದರೂ ಕತೆ ಓದಿದವರು ಎಷ್ಟು ಜನ ಎಂದು ಕೇಳಿದೆ. ಕಾಫಿ ತಣ್ಣಗಾಯಿತು.

‘ಏನೂ ನಡೆಯದ’ ಪುಸ್ತಕ

ಈಗ ವೇಗದ ಕಷ್ಟ. ಇದಕ್ಕೆ ನಾನು ಎಲ್ಲರಿಗೂ ಹೇಳುವುದು ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943). ತೆಳುವಾದ ಪುಸ್ತಕ. ಜನ ಬೆರಳೆಣಿಕೆ. ಭಾಷೆ ನೇರ. ಸುಬ್ರಹ್ಮಣ್ಯದ ಹತ್ತಿರ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬರು ಗೋಪಾಲಯ್ಯ ಎಂಬ ಅಜ್ಜನ ಮನೆ ಸೇರುತ್ತಾರೆ. ಅಜ್ಜ, ಅಜ್ಜಿ ಶಂಕರಮ್ಮ. ಸ್ನಾನ, ಊಟ, ತೋಟ ಸುತ್ತುವುದು, ಇನ್ನೆರಡು ದಿನ ಇದ್ದು ಹೋಗಿ ಎನ್ನುವ ಒತ್ತಾಯ. ಇಷ್ಟೇ. ಅಧ್ಯಾಯದ ಕೊನೆಗೆ ಯಾರೂ ಬಾಗಿಲು ಒದ್ದು ಒಳಗೆ ಬರುವುದಿಲ್ಲ.

ಮೊದಲ ಓದಿನಲ್ಲಿ ನನಗೂ ಇದು ಊಟ ತಿಂಡಿಯ ಕತೆ ಅನ್ನಿಸಿತ್ತು. ಎರಡನೇ ಸಲ ಒಂದು ಉಪಾಯ ಮಾಡಿದೆ. ಅದನ್ನೇ ನಿಮಗೂ ಹೇಳುತ್ತೇನೆ. ಈ ದಂಪತಿಗೆ ಶಂಭು ಎಂಬ ಮಗ ಇದ್ದಾನೆ, ಮನೆ ಬಿಟ್ಟು ಹೋಗಿದ್ದಾನೆ. ಮಗನ ಮಾತು ಬಂದಾಗೆಲ್ಲ ಅಂಚಿನಲ್ಲಿ ಒಂದು ಗೆರೆ ಎಳೆಯಿರಿ. ಮಗನ ಮಾತು ಬರಬೇಕಾದ ಜಾಗದಲ್ಲಿ ಅಜ್ಜ ಬೇರೆ ಏನೋ ಮಾತಾಡಿ ತೇಲಿಸಿದರೆ ಎರಡು ಗೆರೆ. ಪುಸ್ತಕ ಮುಗಿದ ಮೇಲೆ ಗೆರೆಗಳನ್ನಷ್ಟೇ ನೋಡುತ್ತಾ ಪುಟ ತಿರುಗಿಸಿ. ಅಷ್ಟೊಂದು ನಗುವ, ಅಷ್ಟೊಂದು ಬಡಿಸುವ ಅಜ್ಜ ಏನನ್ನು ಮುಚ್ಚಿಡುತ್ತಿದ್ದ ಎಂದು ಗೊತ್ತಾಗುತ್ತದೆ. ಏನೂ ನಡೆಯುತ್ತಿಲ್ಲ ಎಂದು ನಾನು ಅಂದುಕೊಂಡ ಪುಟಗಳಲ್ಲೇ ಎಲ್ಲ ನಡೆದಿತ್ತು.

ಈ ಥರದ ಪುಸ್ತಕವನ್ನು ಬಸ್ಸಿನಲ್ಲಿ ಎರಡೆರಡು ಪುಟ ಓದಿದರೆ ಕೆಟ್ಟುಹೋಗುತ್ತದೆ. ಒಂದು ಸಲ ಕೂತರೆ ಮೂವತ್ತು ಪುಟ. ಫೋನ್ ಬೇರೆ ಕೋಣೆಯಲ್ಲಿ ಇರಲಿ. ಸೈಲೆಂಟ್ ಸಾಲದು, ಬೇರೆ ಕೋಣೆ. ಮೊದಲ ಹತ್ತು ಪುಟ ಕೈ ತುರಿಸುತ್ತದೆ. ಹನ್ನೊಂದನೆಯದರಿಂದ ಸರಿಹೋಗುತ್ತದೆ.

ಬಾಯಿಬಿಡದ ಪುಸ್ತಕ

ಮುಂದಿನದು ‘ಯಾರ ಕಡೆ’ ಎಂಬ ಕಷ್ಟ. ತಬರನಲ್ಲಿ ಇದರ ರುಚಿ ನೋಡಿದ್ದೀರಿ. ಈಗ ಪೂರ್ತಿ ಊಟ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದಕ್ಕೆ ಹೇಳಿ ಮಾಡಿಸಿದ್ದು. ಬೆಂಗಳೂರು, ಕಾಫಿ ಹೌಸ್, ಇದ್ದಕ್ಕಿದ್ದಂತೆ ದುಡ್ಡು ಕಂಡ ಒಂದು ಮನೆ. ಒಂದೇ ದಿನ ಕೂತು ಮುಗಿಸಬಹುದು. ‘ನಾನು’ ಎಂದು ಕತೆ ಹೇಳುವವನಿಗೆ ಹೆಸರೇ ಇಲ್ಲ. ಕ್ಯಾಟ್ನಿಸ್ ‘ನಾನು’ ಎಂದಾಗ ನಾವು ಅವಳನ್ನು ನಂಬುತ್ತೇವೆ. ಇಲ್ಲೂ ಹಾಗೆಯೇ ನಂಬಿಕೊಂಡು ಹೋಗುತ್ತೇವೆ. ಎಷ್ಟು ಸಭ್ಯ ಮನುಷ್ಯ, ಎಷ್ಟು ಮೆತ್ತಗೆ ಮಾತಾಡುತ್ತಾನೆ! ಕೊನೆಗೆ ಬರುವಷ್ಟರಲ್ಲಿ ಹೊಟ್ಟೆಯಲ್ಲಿ ಏನೋ ತಣ್ಣಗಾಗುತ್ತದೆ. ಏನಾಯಿತು ಎಂದು ಪುಸ್ತಕ ಬಾಯಿಬಿಟ್ಟು ಹೇಳುವುದಿಲ್ಲ.

ಇದನ್ನು ಎರಡು ಸಲ ಓದಲೇಬೇಕು, ಅದೂ ಬೆನ್ನುಬೆನ್ನಿಗೆ. ಎರಡನೇ ಸಲ ಅವನು ಏನು ಹೇಳಿದ ಎಂದು ನೋಡಬೇಡಿ. ಮಾತಾಡಬೇಕಾಗಿದ್ದ ಯಾವ ಯಾವ ಜಾಗದಲ್ಲಿ ಅವನು ಸುಮ್ನೆ ಇದ್ದ ಎಂದು ಎಣಿಸಿ. ಮನೆಯ ಇರುವೆಗಳ ಪುಟವನ್ನು ಇನ್ನೊಂದು ಸಲ ನಿಧಾನವಾಗಿ ಓದಿ. ಚಿಕ್ಕಪ್ಪನ ಮಗಳು ಎರಡನೇ ಓದು ಮುಗಿಸಿ ಫೋನ್ ಮಾಡಿದವಳು, “ಅಕ್ಕಾ, ಅವನು ನಮ್ಮ ಮನೆ ಗಂಡಸರ ಥರಾನೇ ಇದ್ದಾನೆ” ಎಂದಳು. ಚಿಕ್ಕಪ್ಪ ಅಲ್ಲೇ ಪಕ್ಕದಲ್ಲಿ ಪೇಪರ್ ಓದುತ್ತಿದ್ದರಂತೆ.

ಅದಾದ ಮೇಲೆ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965). ದೂರ್ವಾಸಪುರ ಎಂಬ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಆಚಾರ ಬಿಟ್ಟವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಊರೆಲ್ಲ ಪ್ರಾಣೇಶಾಚಾರ್ಯರ ಮುಖ ನೋಡುತ್ತಿದೆ. ಶುರುವಿನಲ್ಲಿ ಪತ್ತೇದಾರಿ ಕತೆಯಷ್ಟೇ ಬಿಗಿ. ಹೆಣ ಕೊಳೆಯುತ್ತಿದೆ, ಇಲಿಗಳು ಬೀಳುತ್ತಿವೆ, ಹೊತ್ತು ಮೀರುತ್ತಿದೆ. ಅರ್ಧ ದಾಟಿದ ಮೇಲೆ ಕತೆ ಆಚಾರ್ಯರ ತಲೆಯೊಳಗೆ ಇಳಿಯುತ್ತದೆ. ನನಗೆ ಗೊತ್ತಿರುವ ಹುಡುಗ ಹುಡುಗಿಯರು ಹೆಚ್ಚಿನವರು ಪುಸ್ತಕ ಬಿಟ್ಟದ್ದು ಅಲ್ಲೇ. ಬಿಡಬೇಡಿ, ಜಾತ್ರೆಯ ಭಾಗದವರೆಗೆ ಹೋಗಿ. ಪುಟ್ಟ ಎಂಬ ವಾಚಾಳಿ ಜೊತೆಯಾಗುತ್ತಾನೆ, ಮತ್ತೆ ಗಾಳಿ ಆಡುತ್ತದೆ.

ಕೊನೆಯ ಪುಟ ಓದಿ ‘ಮುಂದೆ ಏನಾಯ್ತು?’ ಎಂದು ಸಿಟ್ಟು ಬಂದರೆ ಸರಿಯಾಗಿಯೇ ಓದಿದ್ದೀರಿ. ಎರಡನೇ ಭಾಗ ಬಂದಿಲ್ಲ, ಬರುವುದೂ ಇಲ್ಲ. ನೀವೇ ಒಂದು ಪುಟ ಬರೆದು ನೋಡಿ. ಆಚಾರ್ಯರು ಊರಿಗೆ ಹೋಗಿ ನಿಜ ಹೇಳಿದರೆ ಏನು? ಹೇಳದಿದ್ದರೆ? ನಾನು ಬರೆದಿದ್ದೆ. ಬಹಳ ಕೆಟ್ಟದಾಗಿತ್ತು. ಅನಂತಮೂರ್ತಿ ಅಲ್ಲೇ ಯಾಕೆ ನಿಲ್ಲಿಸಿದರು ಎಂದು ಅರ್ಥವಾದದ್ದು ಆಗಲೇ.

ಮಾತಿನ ಕಷ್ಟಕ್ಕೆ ಬಾಯಿಯೇ ಮದ್ದು

ದೇವನೂರ ಮಹಾದೇವರ ‘ಒಡಲಾಳ’ ಸಣ್ಣ ಪುಸ್ತಕ. ಸಾಕವ್ವನ ಹುಂಜ ಕಳೆದುಹೋಗಿದೆ, ಅವಳು ಊರು ತುಂಬ ಹುಡುಕುತ್ತಿದ್ದಾಳೆ. ರಾತ್ರಿ ಮನೆಮಂದಿಯೆಲ್ಲ ಸೇರಿ ಕದ್ದು ತಂದ ಕಡಲೆಕಾಯಿ ತಿನ್ನುತ್ತಾರೆ. ಬೆಳಗಾದರೆ ಪೊಲೀಸರು. ಕತೆ ನೇರ, ಜನ ಒಂದೇ ಮನೆಯವರು, ಯಾರ ಕಡೆ ಎಂಬ ಅನುಮಾನವೂ ಇಲ್ಲ. ಹೊಸ ಕಷ್ಟ ಮಾತು ಮಾತ್ರ. ಮೈಸೂರಿನಾಚೆ ನಂಜನಗೂಡು, ಚಾಮರಾಜನಗರದ ಕಡೆಯ ದಲಿತ ಕೇರಿಯ ಮಾತು.

ಕಣ್ಣಿನಲ್ಲಿ ಓದಿದರೆ ಇದು ಮುಳ್ಳು. ಬಾಯಿಬಿಟ್ಟು ಓದಿದರೆ ಅರ್ಧಕ್ಕಿಂತ ಹೆಚ್ಚು ತಾನೇ ಬಿಡಿಸಿಕೊಳ್ಳುತ್ತದೆ. ಈ ಮಾತು ಕಿವಿಗಾಗಿ ಹುಟ್ಟಿದ್ದು, ಅಚ್ಚಿಗೆ ಆಮೇಲೆ ಬಂದದ್ದು. ಕದ ಹಾಕಿಕೊಂಡು ಸಾಕವ್ವನ ಬೈಗುಳವನ್ನು ಜೋರಾಗಿ ಓದಿ. ಮನೆಯವರು ಏನು ಅಂದುಕೊಂಡರೂ ಪರವಾಗಿಲ್ಲ. ಆ ಕಡೆಯ ಗೆಳೆಯರಿದ್ದರೆ ಎರಡು ಪುಟ ಓದಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ನಿಘಂಟಿನ ವಿಷಯ. ಪ್ರತಿ ಪದಕ್ಕೂ ನಿಘಂಟು ತೆಗೆದರೆ ಕತೆ ಸಾಯುತ್ತದೆ. ನನ್ನ ಲೆಕ್ಕ ಇದು: ಗೊತ್ತಿಲ್ಲದ ಪದ ಮೊದಲ ಸಲ ಬಂದಾಗ ದಾಟಿಬಿಡಿ. ಎರಡನೇ ಸಲ ಊಹೆ ಮಾಡಿ. ಮೂರನೇ ಸಲವೂ ಬಂತೆಂದರೆ ಆ ಪದ ಬೇಕಾದದ್ದೇ, ಆಗ ಹುಡುಕಿ. ಆನ್‌ಲೈನಿನಲ್ಲಿ ವಿ. ಕೃಷ್ಣ ಅವರ ‘ಅಲರ್’ ನಿಘಂಟು ದುಡ್ಡಿಲ್ಲದೆ ಸಿಗುತ್ತದೆ, ಇಂಗ್ಲಿಷಿನಲ್ಲಿ ಅರ್ಥ ಕೊಡುತ್ತದೆ. ಆದರೆ ಊರಿನ ಪದಗಳು ನಿಘಂಟಿನಲ್ಲಿ ಸಿಗುವುದು ಅಷ್ಟಕ್ಕಷ್ಟೇ. ಅದಕ್ಕೆ ಅಜ್ಜಿಯೇ ಬೇಕು. ‘ಗೊರಬು’ ಎಂದರೇನು ಎಂದು ನನ್ನ ಅಜ್ಜಿಯನ್ನು ಕೇಳಿದಾಗ ಅವರು ಎದ್ದು ನಿಂತು, ಬೆನ್ನು ಬಗ್ಗಿಸಿ, ಮಳೆಯಲ್ಲಿ ಸಸಿ ನೆಡುವ ಹಾಗೆ ಮಾಡಿ ತೋರಿಸಿದರು. ತಲೆಯಿಂದ ಬೆನ್ನಿನವರೆಗೆ ಎಲೆಯ ಹೊದಿಕೆ. ಆ ಪದ ಇನ್ನು ಮರೆಯುವುದುಂಟೇ?

‘ಒಡಲಾಳ’ ದಕ್ಕಿದರೆ ಅವರದೇ ‘ಕುಸುಮಬಾಲೆ’ ಇದೆ. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಅಲ್ಲಿ ದೀಪಗಳು ಒಂದು ಕಡೆ ಸೇರಿ ಹರಟೆ ಹೊಡೆಯುತ್ತವೆ. ಮಾತೂ ಕಷ್ಟ, ಕಾಲವೂ ಕಷ್ಟ. ಅವಸರ ಬೇಡ, ಒಂದೆರಡು ವರ್ಷ ಬಿಟ್ಟು ಹೋದರೂ ಅದು ಅಲ್ಲೇ ಇರುತ್ತದೆ.

ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವರು, ಹೊರನಾಡಿನಲ್ಲಿ ಬೆಳೆದವರು ಕೆಲವರಿಗೆ ಕನ್ನಡ ಅಕ್ಷರವೇ ನಿಧಾನ. ಅದು ಸಾಹಿತ್ಯದ ಕಷ್ಟ ಅಲ್ಲ, ಅಭ್ಯಾಸದ್ದು. ಎರಡನ್ನೂ ಕಲಸಬೇಡಿ. ಒಂದು ತಿಂಗಳು ದಿನಕ್ಕೆ ಹತ್ತು ಪುಟ ತೇಜಸ್ವಿ ಓದಿದರೆ ಕಣ್ಣು ಪಳಗುತ್ತದೆ. ಅನುವಾದ ಮೊದಲು ಓದುವುದೂ ತಪ್ಪಲ್ಲ. ಎ.ಕೆ. ರಾಮಾನುಜನ್ ಮಾಡಿದ ‘ಸಂಸ್ಕಾರ’, ಶ್ರೀನಾಥ ಪೇರೂರ್ ಮಾಡಿದ ‘ಘಾಚರ್ ಘೋಚರ್’ ಎರಡೂ ಸೊಗಸಾಗಿವೆ. ಒಂದು ಅಧ್ಯಾಯ ಇಂಗ್ಲಿಷಿನಲ್ಲಿ ಓದಿ, ಅದನ್ನೇ ಕನ್ನಡದಲ್ಲಿ ಓದಿ. ಎಲ್ಲಿ ಏನು ಕೈಬಿಟ್ಟುಹೋಗಿದೆ ಎಂದು ಹುಡುಕುವುದೇ ಒಂದು ಆಟ.

ಜನ, ಕಾಲ, ಮತ್ತೆ ಆ ಕಾಡು

ಕೊನೆಗೆ ದಪ್ಪ ಪುಸ್ತಕಗಳು. ಮೊದಲು ಕಾರಂತರ ‘ಮರಳಿ ಮಣ್ಣಿಗೆ’. ಕರಾವಳಿಯ ಒಂದೇ ಮನೆ, ಮೂರು ತಲೆಮಾರು. ಜನ ಕಡಿಮೆ, ವರ್ಷಗಳು ಜಾಸ್ತಿ. ಅಜ್ಜ ರಾಮ ಐತಾಳ, ಮೊಮ್ಮಗನೂ ರಾಮ. ಹೆಸರು ನೋಡಿ ಗಾಬರಿಯಾಗಬೇಡಿ, ನಮ್ಮ ಮನೆಗಳಲ್ಲೂ ಹೀಗೇ ತಾನೇ ಹೆಸರಿಡುವುದು? ಅದಾದ ಮೇಲೆ ಎಸ್.ಎಲ್. ಭೈರಪ್ಪನವರ ‘ಪರ್ವ’ (1979). ಗಾತ್ರಕ್ಕೆ ಹೆದರುವವರಿಗೆ ಒಂದು ಮಾತು: ಇದರ ಜನರೆಲ್ಲ ನಿಮಗೆ ಚಿಕ್ಕಂದಿನಿಂದ ಗೊತ್ತು. ಕುಂತಿ, ಭೀಮ, ದ್ರೌಪದಿ, ಕರ್ಣ. ದೇವರು, ಪವಾಡ ತೆಗೆದುಹಾಕಿ, ಒಬ್ಬೊಬ್ಬರ ಮನಸ್ಸಿನಿಂದ ಅದೇ ಕತೆ. ಹೊಸ ಕಷ್ಟ ಎಂದರೆ ಕಣ್ಣು ಬದಲಾಗುತ್ತಾ ಹೋಗುವುದು, ಅಷ್ಟೇ. ಪೇಟೆಯ, ಆಫೀಸಿನ ಕತೆಯೇ ಬೇಕು ಎನ್ನುವವರು ಯಶವಂತ ಚಿತ್ತಾಲರ ‘ಶಿಕಾರಿ’ (1979) ನೋಡಬಹುದು. ಮುಂಬಯಿ, ಕಂಪನಿ ರಾಜಕೀಯ, ಎಲ್ಲರ ಮೇಲೂ ಅನುಮಾನಪಡುವ ನಾಗಪ್ಪ. ಓದುತ್ತಾ ನಿಮಗೂ ಅನುಮಾನ ಅಂಟುತ್ತದೆ.

ಈಗ ‘ಮಲೆಗಳಲ್ಲಿ ಮದುಮಗಳು’. ನಾಲ್ಕನೇ ಸಲ ನಾನು ಇದನ್ನು ಹೇಗೆ ಮುಗಿಸಿದೆ ಎಂದರೆ, ಜನರ ಪಟ್ಟಿ ಮಾಡುವುದನ್ನು ಬಿಟ್ಟು ಮನೆಗಳ ನಕ್ಷೆ ಮಾಡಿದೆ. ಈ ಪುಸ್ತಕದಲ್ಲಿ ಮನುಷ್ಯರ ಹೆಸರಿಗಿಂತ ಮೊದಲು ಮನೆಯ ಹೆಸರು ಬರುತ್ತದೆ. ಸಿಂಬಾವಿ ಭರಮೈ ಹೆಗ್ಗಡೆ, ಬೆಟ್ಟಳ್ಳಿ ಕಲ್ಲಯ್ಯಗೌಡ, ಹೂವಳ್ಳಿ ವೆಂಕಪ್ಪನಾಯಕ, ಕೋಣೂರು ಮುಕುಂದಯ್ಯ. ಮಲೆನಾಡಿನಲ್ಲಿ ಒಂದೊಂದು ಮನೆಯೇ ಒಂದೊಂದು ಊರು. ನಡುವೆ ಕಾಡು. ಹಾಗಾಗಿ ದೊಡ್ಡ ಹಾಳೆಯ ಮಧ್ಯೆ ಮೇಗರವಳ್ಳಿ ಎಂದು ಬರೆದೆ. ಮನೆ ಬಂದ ಹಾಗೆ ಒಂದೊಂದು ಚೌಕ. ಚೌಕದೊಳಗೆ ಮೇಲೆ ಒಡೆಯರು, ಕೆಳಗೆ ಕೆಲಸದವರು. ಯಾರಾದರೂ ಒಂದು ಮನೆಯಿಂದ ಇನ್ನೊಂದಕ್ಕೆ ನಡೆದರೆ ಬಾಣದ ಗುರುತು.

ಎರಡು ವಾರದಲ್ಲಿ ಹಾಳೆ ಬಾಣಗಳಿಂದ ತುಂಬಿತು. ಆಗ ಒಂದು ವಿಷಯ ಕಂಡಿತು. ಹೆಚ್ಚು ಬಾಣ ಹೆಗ್ಗಡೆ, ಗೌಡರದ್ದಲ್ಲ. ನಾಯಿಗುತ್ತಿಯದು. ಯಾರದೋ ಕಾಗದ ಹೊತ್ತು, ಯಾರದೋ ಮಾತು ಹೊತ್ತು, ತನ್ನ ತಿಮ್ಮಿಗಾಗಿಯೂ ಅವನು ಆ ಕಾಡನ್ನೆಲ್ಲ ಹೊಲಿಯುತ್ತಾ ನಡೆಯುತ್ತಿದ್ದಾನೆ, ಹಿಂದೆ ಅವನ ನಾಯಿ ಹುಲಿಯ. ನಾಯಕ ಯಾರು ಎಂದು ಮೂರು ಸಲ ಹುಡುಕಿ ಸೋತವಳಿಗೆ ಒಂದು ಹಾಳೆ ಉತ್ತರ ಕೊಟ್ಟಿತು. ಪೂರ್ತಿ ಉತ್ತರ ಅಲ್ಲ. ಐತ, ಪಿಂಚಲು, ಚಿನ್ನಮ್ಮ ಎಲ್ಲರೂ ತಮ್ಮ ಸರದಿ ಬಂದಾಗ ನಮ್ಮನ್ನು ಪೂರ್ತಿ ಹಿಡಿದುಕೊಳ್ಳುತ್ತಾರೆ.

ನಾಟಕ ನೋಡುವ ಅವಕಾಶ ಸಿಕ್ಕರೆ ಮೊದಲೇ ನೋಡಿಬಿಡಿ. ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಮೈಸೂರಿನ ರಂಗಾಯಣ 2010ರಲ್ಲಿ ಇದನ್ನು ರಾತ್ರಿಯಿಡೀ, ಸುಮಾರು ಒಂ‌ಬತ್ತು ಗಂಟೆ ಆಡಿತು. ಸಣ್ಣ ಕತೆಗೆ ಸಿನಿಮಾ ಆಮೇಲೆ ನೋಡಿ ಎಂದವಳು ಇಲ್ಲಿ ನಾಟಕ ಮೊದಲು ನೋಡಿ ಎನ್ನುತ್ತಿದ್ದೇನೆ, ಬೇಕೆಂದೇ. ಇಷ್ಟು ದೊಡ್ಡ ಕಾಡಿಗೆ ಹೋಗುವ ಮುಂಚೆ ಯಾರಾದರೂ ದಾರಿ ತೋರಿಸಿದರೆ ರುಚಿ ಕೆಡುವುದಿಲ್ಲ.

ಬಿಡುವುದಕ್ಕೂ ಒಂದು ಲೆಕ್ಕ ಇರಲಿ

ಐವತ್ತು ಪುಟ ಓದಿ. ಆಮೇಲೂ ಬೇಡ ಅನ್ನಿಸಿದರೆ, ಯಾವ ಕಷ್ಟ ಎಂದು ಅಂಚಿನಲ್ಲಿ ಬರೆದು, ತಾರೀಖು ಹಾಕಿ ಮುಚ್ಚಿಡಿ. ಮುಂದಿನ ವರ್ಷ ಅದೇ ಪುಟ ತೆಗೆದಾಗ ಬರೆದದ್ದು ನೋಡಿ ನಗು ಬರುತ್ತದೆ. ಕೊಳ್ಳುವುದಕ್ಕಿಂತ ಗ್ರಂಥಾಲಯದಿಂದ ತರುವುದು ವಾಸಿ, ಬಿಟ್ಟರೆ ದುಡ್ಡು ಹೋಯಿತೆಂಬ ಸಂಕಟ ಇರುವುದಿಲ್ಲ. ನಿಮ್ಮ ಊರಿನ ಗ್ರಂಥಾಲಯದಲ್ಲಿ ಕಾರಂತ, ಕುವೆಂಪು ಇದ್ದೇ ಇರುತ್ತಾರೆ, ಅದೂ ಯಾರೂ ಮುಟ್ಟದೆ ಹೊಸದರ ಹಾಗೆ.

ಎರಡು ಕಷ್ಟದ ಪುಸ್ತಕದ ನಡುವೆ ಒಂದು ಸುಲಭದ್ದು ಇರಲಿ. ಡ್ರ್ಯಾಗನ್ನು, ಮಂತ್ರದಂಡ, ಕಾಲೇಜಿನ ಪ್ರೀತಿ, ಏನಾದರೂ ಸರಿ. ಅದನ್ನು ಮುಚ್ಚಿಟ್ಟುಕೊಂಡು ಓದಬೇಕಾಗಿಲ್ಲ. ಅಪ್ಪ ಅಮ್ಮಂದಿರು ಇದನ್ನು ಓದುತ್ತಿದ್ದರೆ ಒಂದೇ ವಿನಂತಿ: ಮಕ್ಕಳ ಕೈಯಿಂದ ಒಂದು ಪುಸ್ತಕ ಕಿತ್ತು ಇನ್ನೊಂದು ಕೊಡಬೇಡಿ. ನೀವೂ ಅದೇ ‘ತಬರನ ಕತೆ’ ಓದಿ, ರಾತ್ರಿ ಊಟದ ಹೊತ್ತಿಗೆ ಜಗಳ ಆಡಿ.

ಚಿಕ್ಕಪ್ಪನ ಮಗಳು ಈಗ ಮಲೆಗಳ ಒಳಗಿದ್ದಾಳೆ. ನಕ್ಷೆಯ ಫೋಟೊ ಕಳಿಸುತ್ತಿರುತ್ತಾಳೆ, ಅವಳ ಚೌಕಗಳಿಗೆ ಬಣ್ಣ ಬೇರೆ. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಮೆಸೇಜ್ ಬಂತು: “ಅಕ್ಕಾ, ಹುಲಿಯನಿಗೆ ಏನೂ ಆಗಲ್ಲ ತಾನೇ?”

ನಾನಿನ್ನೂ ಉತ್ತರ ಬರೆದಿಲ್ಲ.